ಹೆಸರು ತಿಳಿಯದ ಅತಿಥಿ

ಬೆಂಗಳೂರಿನವರಿಗೆ ಲಾಲ್‌ಬಾಗಿನ ವಿಷಯ ಹೇಳಹೊರಡುವುದೆಂದರೆ ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತೆಯೇ ಸರಿ. 1760ರಲ್ಲಿ ಹೈದರಾಲಿ ಅದನ್ನು ತೊಡಗಿಸಿದನೆಂಬುದೂ, ಟಿಪ್ಪು ದೂರದ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದನೆಂಬುದೂ, 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತೆಂಬುದೂ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂಬುದನ್ನು ಅಲ್ಲಿಯ ಫಲಕವೇ ಸಾರುತ್ತದೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಈ 240 ಎಕರೆಯ ತೋಟ ಜಾತ್ರೆಯ ಬಯಲಾಗುವುದನ್ನು ಕಾಣದವರಿಲ್ಲ. ನಾನು ಹೇಳಹೊರಟಿರುವುದು ಇವಾವುದನ್ನೂ ಅಲ್ಲ. ಜಾತ್ರೆಯ ಜನ ಕಾಲಿಡದ ಒಂದು ಮೂಲೆಯನ್ನೂ, ಅಲ್ಲಿಗೆ ಹೇಳದೆ ಕೇಳದೆ ಬಂದಿಳಿದ ಒಬ್ಬ ಅತಿಥಿಯನ್ನೂ ಕುರಿತು.

ಕೆರೆಯ ಕಡೆಗೆ ನಡೆದು, ಸಿಮೆಂಟಿನ ಹಾದಿಯನ್ನು ಬಿಟ್ಟು ಒಂದಿಷ್ಟು ಒಳಕ್ಕೆ ಹೋದರೆ, ಹಳೆಯ ಮರಗಳ ನೆರಳು ಒಂದರ ಮೇಲೊಂದು ಬಿದ್ದು ಹಗಲಿನಲ್ಲಿಯೂ ಮಬ್ಬಾಗಿರುವ ಎಡೆಗಳು ಸಿಗುತ್ತವೆ. ನೆಲ ಕಾಣದಂತೆ ತರಗೆಲೆ ಹಾಸಿಕೊಂಡಿರುತ್ತದೆ. ಮೇಲಿನ ಎಲೆ ಗರಿಗರಿಯಾಗಿದ್ದರೂ ಕೈಯಿಂದ ಕೆದಕಿದರೆ ಕೆಳಗಿನದು ತೇವದಿಂದ ಕಪ್ಪಾಗಿ, ಅರ್ಧ ಮಣ್ಣಾಗಿ, ಮಳೆಗಾಲದ ಹಿತ್ತಿಲಿನ ವಾಸನೆಯನ್ನು ಬೀರುತ್ತದೆ. ಆರೋಗ್ಯಕ್ಕಾಗಿ ಬಿರಬಿರನೆ ನಡೆಯುವವರು ಇತ್ತ ಬರುವುದಿಲ್ಲ. ಬಂದರೆ ಅವರ ಲೆಕ್ಕದ ಸುತ್ತು ತಪ್ಪುತ್ತದೆ.

ಚಿತ್ತೆಯ ಮಳೆ ಹುಯ್ಯುವ ಅಕ್ಟೋಬರ್ ತಿಂಗಳು. ದಸರೆಯ ರಜೆ ಇನ್ನೂ ಮುಗಿದಿರಲಿಲ್ಲ. ರಾತ್ರಿಯೆಲ್ಲ ಮಳೆ ಸುರಿದು ಬೆಳಗಿಗೆ ಹೊಳವಾಗಿತ್ತು. ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಲಾಲ್‌ಬಾಗಿನಲ್ಲಿ ಒಂದು ಚಟವಿದೆ. ಮರಮರಕ್ಕೂ ಬಡಿದಿರುವ ಹೆಸರಿನ ತಗಡನ್ನು ಗಟ್ಟಿಯಾಗಿ ಓದುವುದು, ಲ್ಯಾಟಿನ್ ಹೆಸರು ನಾಲಿಗೆಗೆ ತೊಡಕಾದರೆ ಬಿದ್ದುಬಿದ್ದು ನಗುವುದು. ಹಾಗೆ ಓದುತ್ತ ಮುಂದೆ ಹೋದವಳು ತಟ್ಟನೆ ನಿಂತು, ಕೈಯನ್ನು ಹಿಂದಕ್ಕೆ ಚಾಚಿ ನನ್ನನ್ನೂ ತಡೆದಳು.

"ಅಪ್ಪಾ, ಅಲ್ಲಿ ನೋಡು. ಅದಕ್ಕೆ ತಗಡು ಬಡಿದಿಲ್ಲ."

ತರಗೆಲೆಯ ಮೇಲೆ, ನಮ್ಮಿಂದ ಹತ್ತು ಮಾರು ದೂರದಲ್ಲಿ, ಗೊರವಂಕಕ್ಕಿಂತ ತುಸು ಸಣ್ಣದಾದ, ಆದರೆ ಅದಕ್ಕಿಂತ ಗುಂಡಗಿರುವ ಒಂದು ಹಕ್ಕಿ ಕುಪ್ಪಳಿಸುತ್ತಿತ್ತು. ಬೆನ್ನು ಎಳೆಯ ಬಾಳೆಯೆಲೆಯ ಹಸಿರು. ಎದೆ ಕೆನೆಗೂಡಿದ ಹಳದಿ. ಹೊಟ್ಟೆಯ ಕೆಳಗೆ, ಬಾಲದ ಬುಡದವರೆಗೆ, ಅರಿಶಿನದ ಕರಡಿಗೆಯಲ್ಲಿ ಕುಂಕುಮ ಚೆಲ್ಲಿದಂತೆ ಅಚ್ಚಗೆಂಪು. ಭುಜದ ಮೇಲೆ ಆಕಾಶದ ಒಂದು ಚೂರು. ಕಂಠ ಬಿಳಿದು. ಕಣ್ಣಿನ ಮೂಲಕ ಕೊಕ್ಕಿನಿಂದ ಹೆಗಲವರೆಗೆ ಯಾರೋ ದಪ್ಪ ಕುಂಚದಿಂದ ಕಾಡಿಗೆಯ ಪಟ್ಟಿ ಎಳೆದಂತಿತ್ತು. ಕಂದು ನೆತ್ತಿಯ ನಡುವೆ ಇನ್ನೊಂದು ಕರಿಯ ಗೆರೆ. ಇಷ್ಟೆಲ್ಲ ಸಿರಿಯನ್ನು ಕೊಟ್ಟ ಬ್ರಹ್ಮ ಬಾಲವನ್ನು ಮಾತ್ರ ಮರೆತಿದ್ದನೋ ಏನೋ, ಎರಡು ಬೆರಳಿನಷ್ಟು ಮೋಟುಬಾಲ. ಆ ಮೋಟನ್ನೇ ಅದು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿತ್ತು.

ಬೆಂಗಳೂರಿನಲ್ಲಿ ಇಬ್ಬರು ನಿಂತು ಒಂದೇ ಕಡೆ ನೋಡಿದರೆ ಮೂರನೆಯವರು ಬಂದು ಸೇರಲು ಬಹಳ ಹೊತ್ತು ಬೇಕಿಲ್ಲ. ಮಫ್ಲರು ಸುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರು, "ಇದು ಮಿಂಚುಳ್ಳಿ, ಸಂದೇಹವೇ ಇಲ್ಲ, ಕೆರೆ ಪಕ್ಕದಲ್ಲೇ ಇದೆಯಲ್ಲ," ಎಂದು ತೀರ್ಪು ಕೊಟ್ಟರು. ಓಡುವುದನ್ನು ನಿಲ್ಲಿಸಿ ಬಂದ ತರುಣನೊಬ್ಬ, ಯಾರದೋ ಪಂಜರದಿಂದ ತಪ್ಪಿಸಿಕೊಂಡು ಬಂದ ವಿದೇಶೀ ಹಕ್ಕಿಯಾಗಿರಬೇಕೆಂದ. "ನಮ್ಮ ರಾಜ್ಯಪಕ್ಷಿ ನೀಲಕಂಠ ಇದೇ ಅಲ್ಲವೇ?" ಎಂದು ಮಹಿಳೆಯೊಬ್ಬರು ಕೇಳಿದರು. ಕೇಳಿದವರಿಗೆಲ್ಲ ಉತ್ತರ ಕೊಡುವ ಅಭ್ಯಾಸವುಳ್ಳ ಅಧ್ಯಾಪಕನಾದರೂ ನಾನು ಬಾಯಿ ತೆರೆಯಲಿಲ್ಲ. ಜೇಬಿನ ಪುಸ್ತಕ ತೆಗೆದು ಕಂಡದ್ದನ್ನು ಕಂಡಂತೆ ಬರೆದುಕೊಂಡೆ. ಹಸ್ತಪ್ರತಿಯಲ್ಲಿ ಅರ್ಥವಾಗದ ಶಬ್ದ ಬಂದಾಗ ಅದನ್ನು ತಿದ್ದಲು ಹೋಗದೆ ಇದ್ದಂತೆಯೇ ಬರೆದುಕೊಳ್ಳಬೇಕೆಂದು ನಮ್ಮ ಗುರುಗಳು ಕಲಿಸಿದ್ದರು. ಪಾಠಾಂತರದ ವಿಚಾರ ಆಮೇಲಿನದು.

ಬಂದ ಪಾಠಗಳನ್ನಾದರೂ ಒಂದೊಂದಾಗಿ ಒರೆಗೆ ಹಚ್ಚಬಹುದಾಗಿತ್ತು. ಮಿಂಚುಳ್ಳಿ ಕೂತಲ್ಲಿಂದ ಬೇಟೆಯ ಮೇಲೆ ಎರಗುವ ಹಕ್ಕಿ. ಅದರ ಕಾಲು ತೀರ ಗಿಡ್ಡ. ನೆಲದ ಮೇಲೆ ಹೀಗೆ ಹೆಜ್ಜೆಹೆಜ್ಜೆಗೂ ಜಿಗಿಯುತ್ತ ಹೋಗುವುದು ಅದರ ಕುಲಕ್ಕೆ ಸಲ್ಲದು. ಕಠಾರಿಯಂಥ ಅದರ ಕೊಕ್ಕೂ ಇಲ್ಲಿರಲಿಲ್ಲ. ನೀಲಕಂಠವಾದರೋ ಬಯಲಿನ ತಂತಿಯ ಮೇಲೆ, ಒಣಮರದ ತುದಿಯಲ್ಲಿ ಕೂರುವ ಹಕ್ಕಿ. ಈ ಮಬ್ಬಿನಲ್ಲಿ ಎಲೆ ಮಗುಚಲು ಅದೇಕೆ ಬಂದೀತು? ಪಂಜರದ ಮಾತು ಇನ್ನಷ್ಟು ದುರ್ಬಲ. ಪಂಜರದಲ್ಲಿ ಕಾಳು ತಿಂದು ಬೆಳೆದದ್ದು ಇಷ್ಟು ನುರಿತ ಕಸುಬುಗಾರನಂತೆ ಕೊಕ್ಕಿನಿಂದ ತರಗೆಲೆಯನ್ನು ಪಕ್ಕಕ್ಕೆಸೆದು, ತಲೆ ವಾರೆ ಮಾಡಿ ಆಲಿಸಿ, ಎರೆಹುಳುವನ್ನು ಎಳೆದು ತೆಗೆಯಲಾರದು. ಇದೇ ಬಗೆಯ ನೆರಳಿನಲ್ಲಿ ಎಲೆ ಮಗುಚುವ ಇನ್ನೊಂದು ಹಕ್ಕಿ ಲಾಲ್‌ಬಾಗಿನಲ್ಲಿ ಉಂಟು. ಕಿತ್ತಳೆ ತಲೆಯ ನೆಲಸಿಳ್ಳಾರ. ಅದನ್ನು ನಾನು ಹಲವು ಸಲ ಕಂಡಿದ್ದೆ. ಅದರ ಕೆನ್ನೆಯ ಮೇಲಿನ ಗೆರೆಗಳು ಕಣ್ಣೀರು ಹರಿದಂತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಇದರ ಪಟ್ಟಿ ಅಡ್ಡಲಾಗಿತ್ತು. ಬಾಲವೂ ಅದಕ್ಕೆ ಸರಿಯಾಗಿಯೇ ಉಂಟು.

ಅಷ್ಟರಲ್ಲಿ ಎಲೆ ಗುಡಿಸುವ ಒಬ್ಬ ಮುದುಕಿ ಉದ್ದನೆಯ ಪೊರಕೆಯೊಡನೆ ಅತ್ತ ಬಂದಳು. ಹಕ್ಕಿ ಪುರ್ರನೆ ಹಾರಿ ತಗ್ಗಿನ ಕೊಂಬೆಯೊಂದರ ಮೇಲೆ ಕೂತಿತು. ಹಾರುವಾಗ ರೆಕ್ಕೆಯಲ್ಲಿ ಒಂದು ಬಿಳಿಯ ಮಚ್ಚೆ ಹೊಳೆದು ಮರೆಯಾಯಿತು. ಮುದುಕಿಯ ಮನೆಮಾತು ತೆಲುಗೆಂದು ಅವಳ ಕನ್ನಡವೇ ಹೇಳುತ್ತಿತ್ತು. "ಇದ್ಯಾವ ಹಕ್ಕಿ ಗೊತ್ತೇನಮ್ಮಾ?" ಎಂದೆ.

"ಏನೋ ಒಂದು ಪಿಟ್ಟ ಸಾಮಿ. ಎಸ್ರು ಯಾರಿಗ್ ಗೊತ್ತು? ವರ್ಸಕ್ಕೊಂದ್ ಕಿತ ಬತ್ತದೆ, ಮಳೆ ಕಮ್ಮಿ ಆಗೋ ಒತ್ಗೆ. ನಾಕ್ ದಿನ ಇದ್ದು ಓಗ್ಬಿಡ್ತದೆ," ಎಂದು ಪೊರಕೆಯನ್ನು ಹೆಗಲಿಗೇರಿಸಿದಳು. "ಗುಡಿಸಿದ್ ಕಡೆ ಇಳಿಯಾಕಿಲ್ಲ ಅದು. ಈ ಮೂಲೆ ನಾನು ಕಡೇಗೆ ಮಾಡ್ತೀನಿ."

ಅವಳು ಬೇರೆ ಕಡೆ ಹೊರಟುಹೋದಳು. ಹಕ್ಕಿ ಮತ್ತೆ ನೆಲಕ್ಕಿಳಿಯಿತು.

ಸಂಜೆ, ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮಿತ್ರರ ಮನೆಗೆ ಹೋದೆ. ಅವರ ಕಪಾಟಿನಲ್ಲಿ ಸಲೀಂ ಅಲಿಯವರ 'ಬುಕ್ ಆಫ್ ಇಂಡಿಯನ್ ಬರ್ಡ್ಸ್' ಇದೆ. 1941ರಲ್ಲಿ ಮೊದಲು ಹೊರಬಂದ ಆ ಪುಸ್ತಕ ಎಷ್ಟೋ ಮುದ್ರಣಗಳನ್ನು ಕಂಡಿದೆ. ಅದನ್ನು ಬರೆದವರು ಹಿಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೇಕ್ಷಣೆಯನ್ನೂ ಮಾಡಿದವರು. ನಾನು ಟಿಪ್ಪಣಿಯ ಪುಸ್ತಕ ತೆರೆದು ಬಣ್ಣಗಳನ್ನು ಓದತೊಡಗಿದೆ. ಮಿತ್ರರು ಕೈ ಅಡ್ಡ ಹಿಡಿದರು.

"ನೀವು ಕನ್ನಡದವರು ಬಣ್ಣ ಕಂಡರೆ ವರ್ಣನೆಗೆ ಇಳಿಯುತ್ತೀರಿ. ಬಣ್ಣ ಆಮೇಲೆ ಹೇಳಿರಿ, ಮೊದಲು ನಡತೆ ಹೇಳಿ. ಎಲ್ಲಿತ್ತು? ನಡೆಯಿತೋ, ಜಿಗಿಯಿತೋ? ಬಾಲ ಏನು ಮಾಡುತ್ತಿತ್ತು? ಯಾವ ತಿಂಗಳು?"

ಹೇಳಿದೆ. ತರಗೆಲೆಯ ಮೇಲೆ. ಜಿಗಿಯಿತು. ಮೋಟುಬಾಲ ಮೇಲೆ ಕೆಳಗೆ ಆಡುತ್ತಿತ್ತು. ಅಕ್ಟೋಬರ್. ಅವರು ಪುಸ್ತಕವನ್ನು ತೆರೆಯಲೂ ಇಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು, "ಪಿಟ್ಟ," ಎಂದರು.

ಬೆಳಗಿನ ಮುದುಕಿಯೇ ಎದುರಿಗೆ ಬಂದು ನಿಂತಂತಾಯಿತು. ತೆಲುಗಿನಲ್ಲಿ ಪಿಟ್ಟ ಎಂದರೆ ಸಣ್ಣ ಹಕ್ಕಿ, ಅಷ್ಟೇ. ಅವಳು ಹೇಳಿದ್ದೂ ಅಷ್ಟನ್ನೇ. ಆದರೆ ಆ ಆಡುಮಾತು ಸಮುದ್ರ ದಾಟಿ ಹೋಗಿ ವಿದ್ವಾಂಸರ ಶಾಸ್ತ್ರವನ್ನು ಸೇರಿದೆ. 1816ರಲ್ಲಿ ಫ್ರಾನ್ಸಿನ ಪಕ್ಷಿಶಾಸ್ತ್ರಜ್ಞ ವಿಯೆಯೊ ಈ ಕುಲಕ್ಕೆ ಪಿಟ್ಟ ಎಂಬುದನ್ನೇ ಹೆಸರಾಗಿ ಇಟ್ಟ. ಈಗ ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹಬ್ಬಿರುವ ಈ ಬಳಗದ ಹಕ್ಕಿಗಳೆಲ್ಲ ಆಂಧ್ರದ ಈ ಮಾತಿನಿಂದಲೇ ಕರೆಸಿಕೊಳ್ಳುತ್ತಿವೆ. ಅದಕ್ಕೂ ಅರ್ಧ ಶತಮಾನ ಮೊದಲು, 1766ರಲ್ಲಿ, ಸ್ವೀಡನ್ನಿನ ಲಿನೇಯಸ್ ನಮ್ಮ ಹಕ್ಕಿಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಅದನ್ನು ಸೇರಿಸಿದ್ದು ಕಾಗೆಗಳ ಪಂಕ್ತಿಗೆ! ಮೋಟುಬಾಲದ ಕಾಗೆ ಎಂಬುದು ಅವನು ಇಟ್ಟ ಹೆಸರಿನ ಅರ್ಥ. ಜಗತ್ತಿನ ಜೀವರಾಶಿಯನ್ನೆಲ್ಲ ವರ್ಗಕ್ಕೆ ಹಚ್ಚಿದ ಮಹನೀಯ ಅವನು, ಮಾತಿಲ್ಲ. ಆದರೆ ತರಗೆಲೆಯ ಮೇಲೆ ಅದು ಜಿಗಿಯುವುದನ್ನು ಒಂದು ಗಳಿಗೆ ಕಂಡಿದ್ದರೆ ಕಾಗೆಯ ಮಾತು ಎತ್ತುತ್ತಿರಲಿಲ್ಲವೆಂದು ನನ್ನ ಎಣಿಕೆ.

ಕನ್ನಡದಲ್ಲಿ ಇದಕ್ಕೆ ನವರಂಗ ಎನ್ನುತ್ತಾರೆ. ಹಿಂದಿಯಲ್ಲಿಯೂ ಅದೇ ಹೆಸರಿದೆ. ದೇವಾಲಯದ ನವರಂಗ ಬೇರೆ, ಇದು ಬೇರೆ. ಇಲ್ಲಿ ರಂಗವೆಂದರೆ ಬಣ್ಣ. ಮಗಳು ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟು ಒಂಬತ್ತನ್ನೂ ಎಣಿಸಲು ಕುಳಿತಳು. ಕಪ್ಪು, ಬಿಳಿ, ಹಸಿರು, ನೀಲಿ, ಕೆಂಪು, ಎದೆಯ ಹಳದಿ, ನೆತ್ತಿಯ ಕಂದು ಎಂದು ಏಳಕ್ಕೆ ನಿಂತಿತು. ಕೊಕ್ಕನ್ನೂ ಕಾಲನ್ನೂ ಸೇರಿಸಿಕೊಂಡು ಒಂಬತ್ತು ಮಾಡಿದ ಮೇಲೆಯೇ ಅವಳಿಗೆ ಸಮಾಧಾನ.

ನನಗೆ ಮಾತ್ರ ಒಂದು ಕೊರಗು ಉಳಿಯಿತು. ನಾವು ತರಗತಿಗಳಲ್ಲಿ ಬೋಧಿಸುವ ಕಾವ್ಯಗಳಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ. ಗಿಳಿ ಮಾತಾಡುತ್ತದೆ, ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಕೋರ ಬೆಳದಿಂಗಳನ್ನು ಕುಡಿಯುತ್ತದೆ. ಬನವಾಸಿಯ ನಂದನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಲು ಪಂಪ ಹಂಬಲಿಸಿದ. ಆ ಬನವಾಸಿಯ ಕಾಡಿಗೂ ಪ್ರತಿ ವರ್ಷ ಬಂದಿಳಿಯುತ್ತಿದ್ದಿರಬಹುದಾದ ಈ ಚೆಲುವನನ್ನು, ನಾನು ಓದಿದ ಮಟ್ಟಿಗೆ, ಯಾವ ಕವಿಯೂ ಕಣ್ಣೆತ್ತಿ ನೋಡಿದಂತಿಲ್ಲ. ಕಣ್ಣೆತ್ತಿ ಎಂದೆನಲ್ಲ, ಅಲ್ಲಿಯೇ ಇದೆ ತೊಡಕು. ಇದನ್ನು ಕಾಣಲು ಕಣ್ಣು ತಗ್ಗಿಸಬೇಕು.

ಇನ್ನು ಈ ಅತಿಥಿಯ ಊರುಕೇರಿ. ಹಿಮಾಲಯದ ತಪ್ಪಲಿನಲ್ಲಿ, ಮಧ್ಯಭಾರತದ ಕಾಡುಗಳಲ್ಲಿ ಮುಂಗಾರಿನ ತಿಂಗಳುಗಳಲ್ಲಿ ನವರಂಗ ಗೂಡು ಕಟ್ಟುತ್ತದೆ. ನೆಲದ ಮೇಲೆಯೋ ತಗ್ಗಿನ ಕವಲಿನಲ್ಲಿಯೋ ಕಡ್ಡಿ, ಹುಲ್ಲು, ಒಣಗಿದೆಲೆಗಳ ದೊಡ್ಡ ಉಂಡೆ, ಪಕ್ಕದಲ್ಲೊಂದು ಬಾಗಿಲು. ಹೆಣ್ಣಿಗೂ ಗಂಡಿಗೂ ಒಂದೇ ಉಡುಪು. ಮಳೆ ಹಿಂದೆಗೆಯುತ್ತಿದ್ದಂತೆ ಅಲ್ಲಿಯ ನೆಲ ಒಣಗುತ್ತದೆ, ಹುಳುಗಳು ಆಳಕ್ಕಿಳಿಯುತ್ತವೆ. ಹಕ್ಕಿ ದಕ್ಷಿಣಕ್ಕೆ ಹೊರಡುತ್ತದೆ. ನಮ್ಮ ಪಶ್ಚಿಮಘಟ್ಟ, ತಮಿಳುನಾಡು, ಕೇರಳ, ಕೊನೆಗೆ ಸಿಂಹಳ. ಹತ್ತೊಂಬತ್ತು ಸೆಂಟಿಮೀಟರ್ ಉದ್ದದ ಈ ಗುಂಡುದೇಹ ನೂರಾರು ಗಾವುದ ಹಾರುತ್ತದೆಂದರೆ ನೋಡಿದವರು ನಂಬುವುದು ಕಷ್ಟ. ಹಗಲು ನಾಲ್ಕು ಮಾರು ಹಾರಲೂ ಬೇಸರಪಡುವ ಇದು ಪಯಣವನ್ನೆಲ್ಲ ರಾತ್ರಿಯಲ್ಲಿ ಮಾಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮತ್ತೆ ಉತ್ತರಕ್ಕೆ.

ದಾರಿಯುದ್ದಕ್ಕೂ ಜನ ಅದನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಬಲ್ಲರು. ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಎರಡು ಸ್ವರದ ಸ್ಪಷ್ಟವಾದ ಸಿಳ್ಳು ಹಾಕುವುದರಿಂದ ತಮಿಳರು ಅದನ್ನು ಆರುಮಣಿ ಕುರುವಿ, ಆರು ಗಂಟೆಯ ಹಕ್ಕಿ, ಎಂದು ಕರೆದರು. ಸಿಂಹಳದ ಜನಪದ ಕಥೆ ಇನ್ನೂ ಸ್ವಾರಸ್ಯವಾಗಿದೆ. ನವಿಲು ತನ್ನ ಉಡುಪನ್ನು ಕದ್ದುಕೊಂಡು ಹೋಯಿತೆಂದು ಈ ಹಕ್ಕಿ ದಿನವೂ ದೂರು ಹೇಳುತ್ತಿದೆಯಂತೆ. ಇಷ್ಟು ಬಣ್ಣ ಉಟ್ಟವನಿಗೂ ಇನ್ನೊಬ್ಬರ ಉಡುಪಿನ ಮೇಲೆ ಕಣ್ಣೇ ಎಂದು ನನ್ನ ಶ್ರೀಮತಿ ನಕ್ಕಳು.

ರಾತ್ರಿಯೆಲ್ಲ ಹಾರಿದ ಪಯಣಿಗನಿಗೆ ಬೆಳಕು ಹರಿಯುವಾಗ ಒಂದು ತಂಗುದಾಣ ಬೇಕು. ಹಿಂದೆ ನಮ್ಮ ಹೆದ್ದಾರಿಗಳಲ್ಲಿ ಪುಣ್ಯವಂತರು ಅರವಟ್ಟಿಗೆ ಇಡುತ್ತಿದ್ದರು, ಛತ್ರ ಕಟ್ಟಿಸುತ್ತಿದ್ದರು. ಹಕ್ಕಿಯ ಛತ್ರ ಕಟ್ಟುವುದು ತರಗೆಲೆಯಿಂದ. ಎಲೆ ಕೊಳೆತರೆ ಹುಳು, ಹುಳುವಿದ್ದರೆ ಊಟ, ಊಟವಾದರೆ ಮುಂದಿನ ರಾತ್ರಿಯ ಹಾರಾಟ. ಮುದುಕಿ ಒಂದು ಮೂಲೆಯನ್ನು ಕಡೆಗೆ ಗುಡಿಸುತ್ತೇನೆಂದಾಗ ಅವಳು ನಡೆಸುತ್ತಿದ್ದುದು ಛತ್ರವನ್ನೇ. ನಮ್ಮ ಬಡಾವಣೆಯಲ್ಲಿಯೂ ಒಂದು ಉದ್ಯಾನವಿದೆ, ಚೊಕ್ಕಟವಾಗಿದೆ. ಕತ್ತರಿಸಿದ ಹುಲ್ಲು, ಬಣ್ಣದ ಹಾಸುಗಲ್ಲು, ಇರುಳೆಲ್ಲ ಉರಿಯುವ ದೀಪ. ಉದುರಿದ ಎಲೆ ಮಧ್ಯಾಹ್ನದೊಳಗೆ ಚೀಲ ಸೇರಿ ಗಾಡಿ ಹತ್ತುತ್ತದೆ. ಅಲ್ಲಿ ಕಾಗೆ, ಪಾರಿವಾಳಗಳನ್ನು ಬಿಟ್ಟು ಇನ್ನೇನನ್ನೂ ನಾನು ಕಂಡಿಲ್ಲ. ಒಂದು ಪಾತಿಯಷ್ಟಾದರೂ ಗುಡಿಸದೆ ಬಿಡೋಣವೆಂದು ನಿವಾಸಿಗಳ ಸಭೆಯಲ್ಲಿ ಹೇಳಿ ನೋಡಿದೆ. ಹಾವು ಬರುತ್ತದೆ, ಸೊಳ್ಳೆ ಬರುತ್ತದೆ ಎಂದರು. ಹಾವಿನ ಭಯ ಸುಳ್ಳೆನ್ನಲಾರೆ. ಮಕ್ಕಳು ಆಡುವ ಜಾಗವದು. ಸೊಳ್ಳೆ ಹುಟ್ಟುವುದು ಮಾತ್ರ ನಿಂತ ನೀರಿನಲ್ಲಿ. ಮಾತು ಅಲ್ಲಿಗೇ ನಿಂತಿದೆ.

ಇದಾದ ಐದಾರು ದಿನಗಳಿಗೆ, ಬೆಳಿಗ್ಗೆ ಏಳು ಗಂಟೆಯ ಸಮಯ, ಮಹಡಿಯ ಮನೆಯ ಹುಡುಗ ಬೂಟಿನ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. ಹಿಂದೆಯೇ ಅವನ ಅಜ್ಜಿ.

"ಮೇಷ್ಟ್ರೇ, ಸ್ವಲ್ಪ ನೋಡಿ. ಬಾಲ್ಕನಿಯ ಗಾಜಿಗೆ ಡಿಕ್ಕಿ ಹೊಡೆದು ಬಿದ್ದಿತ್ತು. ಪಕ್ಕದ ಮನೆಯವರು ಇದು ಬಲು ಬೆಲೆಬಾಳುವ ಫಾರಿನ್ ಹಕ್ಕಿ, ಪಂಜರ ತಂದು ಸಾಕಿ ಅಂತಾರೆ. ಹಾಲಲ್ಲಿ ನೆನೆಸಿದ ಬ್ರೆಡ್ಡು ಇಟ್ಟರೂ ಮುಟ್ಟುತ್ತಿಲ್ಲ. ಇವನೋ ಬೆಳಗಿಂದ ಅಳು."

ಮುಚ್ಚಳವನ್ನು ಸರಿಸಿದೆ. ಮೂಲೆಯಲ್ಲಿ ಮುದುರಿ ಕೂತಿತ್ತು. ಅರ್ಧ ಮುಚ್ಚಿದ ಕಣ್ಣು. ಕಣ್ಣಿನಡ್ಡ ಕಾಡಿಗೆಯ ಪಟ್ಟಿ, ಭುಜದಲ್ಲಿ ಆಕಾಶದ ಚೂರು, ಮೋಟುಬಾಲ. ಹೆಸರು ಹೇಳಲು ಈ ಸಲ ಯಾರೂ ಬೇಕಾಗಿರಲಿಲ್ಲ. ಹೆಸರು ತಿಳಿದದ್ದರಿಂದ ಮಾಡಬೇಕಾದದ್ದೂ ತಿಳಿದಿತ್ತು. ಹುಳು ತಿನ್ನುವ ಹಕ್ಕಿಗೆ ಹಾಲೂ ಬ್ರೆಡ್ಡೂ ವಿಷಕ್ಕೆ ಸಮ. ನೀರನ್ನು ಬಲವಂತವಾಗಿ ಬಾಯಿಗೆ ಹಾಕಿದರೆ ಶ್ವಾಸಕ್ಕೆ ಹೋಗಿ ಸಾಯುತ್ತದೆ. ಪಂಜರದ ಮಾತನ್ನಂತೂ 1972ರ ವನ್ಯಜೀವಿ ಕಾಯಿದೆಯೇ ಒಪ್ಪುವುದಿಲ್ಲ. ಇದು ಫಾರಿನ್ ಅಲ್ಲ, ನಮ್ಮದೇ. ಮಿತ್ರರಿಗೆ ಫೋನು ಮಾಡಿದೆ. ರೆಕ್ಕೆ ಜೋತುಬಿದ್ದಿದೆಯೇ, ರಕ್ತವಿದೆಯೇ ಎಂದು ಕೇಳಿದರು. ಎರಡೂ ಇರಲಿಲ್ಲ. "ಹಾಗಾದರೆ ಕತ್ತಲು, ಮೌನ, ಇಷ್ಟೇ ಔಷಧ. ಮುಚ್ಚಳದಲ್ಲಿ ತೂತು ಮಾಡಿ ಮುಚ್ಚಿಡಿ. ಗಳಿಗೆಗೊಮ್ಮೆ ತೆರೆದು ನೋಡಬೇಡಿ. ಚೇತರಿಸಿಕೊಂಡ ಸದ್ದು ಕೇಳಿದರೆ, ಎಲೆ ಬಿದ್ದಿರುವ ಜಾಗದಲ್ಲಿ ಬಿಟ್ಟುಬಿಡಿ," ಎಂದರು.

ಗಳಿಗೆಗೊಮ್ಮೆ ತೆರೆದು ನೋಡಬೇಡ ಎಂಬ ವಿಧಿಯನ್ನು ಒಂಬತ್ತು ವರ್ಷದ ಹುಡುಗನೊಬ್ಬ ಪಾಲಿಸುವುದು ಎಂಥ ತಪಸ್ಸೆಂಬುದನ್ನು ಮಕ್ಕಳುಳ್ಳವರು ಬಲ್ಲರು. ಪೆಟ್ಟಿಗೆ ನನ್ನ ಪುಸ್ತಕದ ಕೋಣೆಯಲ್ಲಿತ್ತು. ಅವನೂ ನನ್ನ ಮಗಳೂ ಬಾಗಿಲ ಹೊರಗೆ ಕಾವಲು ಕೂತರು. ಎಂಟಾಯಿತು, ಒಂಬತ್ತಾಯಿತು. ಸದ್ದಿಲ್ಲ. "ಸತ್ತುಹೋಯ್ತಾ ಅಂಕಲ್?" ಎಂದು ಅವನು ಪಿಸುದನಿಯಲ್ಲಿ ಕೇಳಿದ. ಉತ್ತರ ನನಗೂ ತಿಳಿದಿರಲಿಲ್ಲ. ಹತ್ತರ ಸುಮಾರಿಗೆ ಒಳಗಿನಿಂದ ರಟ್ಟನ್ನು ಕೆರೆದ ಸದ್ದು ಬಂತು. ಅನಂತರ, ಟಪ್ ಟಪ್ ಎಂದು ಜಿಗಿತ.

ನಮ್ಮ ಕಾಲೇಜಿನ ಹಿಂಬದಿಯಲ್ಲಿ ಹೊಂಗೆಯ ಸಣ್ಣದೊಂದು ತೋಪಿದೆ. ಅದರ ಎಲೆಯನ್ನು ಯಾರೂ ಗುಡಿಸುವುದಿಲ್ಲ. ಪರಿಸರ ಪ್ರೇಮದಿಂದಲ್ಲ, ಅದು ಯಾರ ಪಾಲಿನ ಕೆಲಸವೆಂಬುದು ಇನ್ನೂ ತೀರ್ಮಾನವಾಗಿಲ್ಲದ ಕಾರಣದಿಂದ. ಮಕ್ಕಳಿಬ್ಬರನ್ನೂ ಅಜ್ಜಿಯನ್ನೂ ಕರೆದುಕೊಂಡು ಅಲ್ಲಿಗೆ ಹೋದೆವು. ಪೆಟ್ಟಿಗೆಯನ್ನು ನೆರಳಿನಲ್ಲಿ ಅಡ್ಡಲಾಗಿಟ್ಟು ಮುಚ್ಚಳವನ್ನು ತೆಗೆದು ಹಿಂದಕ್ಕೆ ಸರಿದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದು ಅಂಚಿಗೆ ಬಂತು, ನಿಂತಿತು, ಬಾಲವನ್ನು ಒಮ್ಮೆ ಮೇಲಕ್ಕೆ ಕೆಳಕ್ಕೆ ಆಡಿಸಿತು. ನಮ್ಮ ಕಡೆ ತಿರುಗಿಯೂ ನೋಡದೆ ಜಿಗಿಯುತ್ತ ಜಿಗಿಯುತ್ತ ಹೊಂಗೆಯ ಬುಡಗಳ ನಡುವೆ ಹೋಯಿತು. ಹಸಿರು ಬೆನ್ನು ಹಸಿರು ನೆರಳಿನಲ್ಲಿ ಕರಗಿ, ಎಲೆ ಮಗುಚುವ ಸರಪರ ಸದ್ದು ಮಾತ್ರ ಕೇಳಿಸಿತು.

"ಇನ್ನೂ ಎಷ್ಟು ದೂರ ಹೋಗಬೇಕು ಅದು?" ಎಂದ ಹುಡುಗ. ಸಿಂಹಳಕ್ಕೇ ಹೋಗುವುದಾದರೆ ಯಾಳ್ಪಾಣದವರೆಗೆ ನೆಟ್ಟನೆ 450 ಕಿಲೋಮೀಟರಾದರೂ ಆದೀತು, ನಡುವೆ ಸಮುದ್ರವೂ ಉಂಟು ಎಂದೆ. ಅವನು ಖಾಲಿ ಪೆಟ್ಟಿಗೆಯನ್ನು ನೋಡುತ್ತ ಸುಮ್ಮನಾದ. "ಸಂಜೆ ಊಟ ಮಾಡಿಕೊಂಡು ಹೊರಡಲಿ ಬಿಡು, ಕಂದ," ಎಂದು ಅಜ್ಜಿ ಅವನ ತಲೆ ಸವರಿದರು.

ಆದರೆ ಅದು ಅಂದು ಸಂಜೆ ಹೊರಡಲಿಲ್ಲ. ಆರು ಗಂಟೆಗೆ, ಮನೆಗೆ ಹೊರಟಿದ್ದ ಜವಾನ ತೋಪಿನಲ್ಲಿ ಯಾರೋ ಸಿಳ್ಳು ಹಾಕುತ್ತಿದ್ದಾರೆಂದು ಬೈಯಲು ಹೋಗಿ, ಯಾರನ್ನೂ ಕಾಣದೆ ಹಿಂದಿರುಗಿದನಂತೆ. ಮಾರನೆಯ ಸಂಜೆಯೂ ಅದೇ ದೂರು. ಮೂರನೆಯ ದಿನ ಸಿಳ್ಳು ಕೇಳಿಸಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಕ್ಕಳೊಡನೆ ಹೋಗಿ ನೋಡಿದೆ. ತೋಪಿನ ಒಳಗೆ, ಅಲ್ಲಲ್ಲಿ, ಒಣ ಎಲೆಗಳು ಪಕ್ಕಕ್ಕೆ ಎಸೆಯಲ್ಪಟ್ಟು ಒದ್ದೆಮಣ್ಣು ಅಂಗೈಯಗಲ ಕಾಣುತ್ತಿತ್ತು.